ದೀಪ ಆರಿದರೆ ಹವಾ ಬಂದ ಹಾಗಲ್ಲ

ಮಾನ್ಯ ಸಂಪಾದಕರೇ,

ನಾನು ಹಳೇ ಹುಬ್ಬಳ್ಳಿಯವಳು. ಮನೆಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತೇನೆ. ಸೋಮವಾರ, ಗುರುವಾರ ಧಾರವಾಡ. ಮಂಗಳವಾರ ಗದಗ. ಕಾರು ನಾನೇ ಓಡಿಸುತ್ತೇನೆ. ಪತ್ರಿಕೆಗೆ ಪತ್ರ ಬರೆಯುವುದು ಇದೇ ಮೊದಲು.

"ಟೈರ್ ಸಿಡಿದು ಕಾರು ಪಲ್ಟಿ" ಎಂಬ ಸುದ್ದಿ ನಿಮ್ಮಲ್ಲಿ ಆಗಾಗ ಬರುತ್ತದೆ. ಎಲ್ಲಿ, ಎಷ್ಟು ಜನ, ಯಾವ ಆಸ್ಪತ್ರೆ ಎಲ್ಲ ಇರುತ್ತದೆ. ಟೈರ್ ಯಾಕೆ ಸಿಡಿಯಿತು ಎಂಬುದು ಮಾತ್ರ ಇರುವುದಿಲ್ಲ. ಟೈರ್ ಎಂದರೆ ಮಳೆ ಇದ್ದ ಹಾಗೆ, ಅದು ತಾನೇ ಬರುತ್ತದೆ, ತಾನೇ ಸಿಡಿಯುತ್ತದೆ ಎಂದು ನಾವೆಲ್ಲ ತಿಳಿದಂತಿದೆ. ನಾನೂ ಹಾಗೇ ತಿಳಿದಿದ್ದೆ. ಕಳೆದ ವರ್ಷ ಅಣ್ಣಿಗೇರಿ ದಾಟಿದ ಮೇಲೆ ಬುದ್ಧಿ ಬಂತು.

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ತಗೊಂಡ ಮೂರನೇ ತಿಂಗಳಲ್ಲಿ ಮೀಟರಿನ ಜಾಗದಲ್ಲಿ ಹಳದಿ ದೀಪವೊಂದು ಹತ್ತಿತು. ಬಾಯಿ ತೆರೆದ ಗುಂಡು ಕೊಡ, ತಳದಲ್ಲಿ ಹಲ್ಲು ಹಲ್ಲು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಅದು ಟೈರನ್ನು ಅಡ್ಡ ಕೊಯ್ದ ಚಿತ್ರವಂತೆ, ಟೈರಿನಲ್ಲಿ ಹವಾ ಕಮ್ಮಿಯಾಗಿದೆ ಎಂದು ಹೇಳುವ ದೀಪ. ನನಗೆ ಒಲೆಯ ಮೇಲಿನ ಕಡಾಯಿ ಕಂಡಿತು, ಇಂಜಿನ್ ಬಿಸಿಯಾಗಿದೆ ಎಂದುಕೊಂಡೆ. ಕಾರಿನ ಜೊತೆ ಬಂದ ಪುಸ್ತಕ ತೆಗೆದೆ. ಮುನ್ನೂರು ಪುಟ, ಎಲ್ಲಾ ಇಂಗ್ಲಿಷ್. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಕನ್ನಡ ಮಾಧ್ಯಮದಲ್ಲಿ. ಪುಸ್ತಕ ಮುಚ್ಚಿ ಗ್ಯಾರೇಜಿಗೆ ಹೋದೆ.

ಗ್ಯಾರೇಜಿನ ಹುಡುಗ ನೋಡಿದ, ನಕ್ಕ. "ಅಕ್ಕಾರ, ಇದೇನೂ ಇಲ್ಲರೀ, ಸೆನ್ಸರ್ ಪ್ರಾಬ್ಲಮ್. ಈ ಬಟನ್ ಒತ್ತಿದ್ರ ಹೋಗ್ತೈತಿ" ಅಂದ. ಸ್ಟೇರಿಂಗಿನ ಕೆಳಗೆ ಎಡಕ್ಕೆ ಒಂದು ಗುಂಡಿ. ಒತ್ತಿ ಹಿಡಿದ. ದೀಪ ಮಿಣುಕಿ ಆರಿತು. ಐವತ್ತು ರೂಪಾಯಿ ಕೊಟ್ಟೆ. ಮುಂದಿನ ಸಲ ನಾನೇ ಒತ್ತಿದೆ, ಐವತ್ತು ರೂಪಾಯಿ ಉಳಿಯಿತು ಎಂದು ಖುಷಿ ಬೇರೆ. ಆಮೇಲೆ ಅದು ಹತ್ತಲೇ ಇಲ್ಲ. ರಿಪೇರಿ ಆಯಿತು ಅಂದುಕೊಂಡೆ.

ಏಪ್ರಿಲ್ ತಿಂಗಳು, ಮಂಗಳವಾರ, ಮಧ್ಯಾಹ್ನ ಹನ್ನೆರಡರ ಮೇಲಾಗಿತ್ತು. ಗದಗ ರಸ್ತೆಯ ಬಿಸಿಲು ನಿಮಗೆ ಗೊತ್ತು. ಎರಡೂ ಬದಿ ಎರೆ ಹೊಲ, ನೆರಳಿಗೆ ಗಿಡ ಹುಡುಕಬೇಕು. ಡಿಕ್ಕಿ ತುಂಬಾ ಮಾಲು. ರೊಟ್ಟಿ ಹಗುರ, ಆದರೆ ಚಟ್ನಿ ಪುಡಿ ಭಾರ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ಗಾಡಿ ಎಡಕ್ಕೆ ಜಗ್ಗಲು ಶುರು ಮಾಡಿತು. ಹಿಂದಿನಿಂದ ಸುಟ್ಟ ರಬ್ಬರಿನ ವಾಸನೆ. ಪಕ್ಕಕ್ಕೆ ಹಾಕಿ ಇಳಿದೆ. ಹಿಂದಿನ ಎಡ ಟೈರ್ ಮುಟ್ಟಿದರೆ ಕೈ ಸುಟ್ಟಿತು. ದಿನವೂ ಹಂಚಿನ ಮೇಲೆ ರೊಟ್ಟಿ ತಿರುವುವ ಕೈ ಇದು, ಸುಮ್ನೆ ಹೇಳುತ್ತಿಲ್ಲ.

ಅಷ್ಟಾದರೂ ಮೀಟರಿನಲ್ಲಿ ದೀಪ ಇಲ್ಲ.

ನಿಧಾನಕ್ಕೆ ಸಾಗಿ ಗದಗಿನ ಹೊರಗಿನ ಒಂದು ಪಂಕ್ಚರ್ ಅಂಗಡಿ ಮುಟ್ಟಿದೆ. ವಯಸ್ಸಾದವರು. ಹವಾದ ಒತ್ತಡ ಅಳೆಯುವ ಗೇಜು ಹಿಡಿದು ನಾಲ್ಕೂ ಟೈರ್ ನೋಡಿದರು. ಪಿಎಸ್ಐ ಎಂಬ ಅಳತೆಯಲ್ಲಿ 22, 23, 22, ಮತ್ತು ಆ ಎಡಗಡೆಯದು 19. ಅದೂ ಬಿಸಿ ಟೈರಿನಲ್ಲಿ. ಬಿಸಿಯಾದಾಗ ಒತ್ತಡ ಮೂರೋ ನಾಲ್ಕೋ ಏರಿರುತ್ತದೆ, ಅಂದರೆ ಬೆಳಿಗ್ಗೆ ಮನೆ ಬಿಟ್ಟಾಗ ಇನ್ನೂ ಕಮ್ಮಿ ಇತ್ತು. ಇರಬೇಕಾದದ್ದು 33. "ತಂಗೀ, ಇದರ ಮ್ಯಾಲ ಹುಬ್ಬಳ್ಳಿಯಿಂದ ಬಂದೀಯೇನು? ದೇವರು ದೊಡ್ಡಾಂವ" ಅಂದರು. ಟೈರ್ ಬಿಚ್ಚಿ ಒಳಮೈ ತೋರಿಸಿದರು. ರಬ್ಬರು ಪುಡಿ ಪುಡಿಯಾಗಿ ಕೈಗೆ ಬಂತು. ಎರಡು ಅಂಚು ಸವೆದು ನಡುವೆ ಮಾತ್ರ ಗೀರು ಉಳಿದಿತ್ತು. ಕಮ್ಮಿ ಹವಾದಲ್ಲಿ ಓಡಿದ ಟೈರಿನ ಗುರುತು ಅದು. ಜಾಸ್ತಿ ಹವಾ ಆದರೆ ನಡುವೆ ಸವೆಯುತ್ತದೆ.

ದೀಪ ಯಾಕೆ ಹತ್ತಲಿಲ್ಲ ಎಂದು ಕೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಟನ್ ಒತ್ತೀರೇನು?"

ಇಲ್ಲಿಂದ ಮುಂದಿನದನ್ನು ಅವರಿಂದ ಅರ್ಧ, ಹಾವೇರಿಯ ನನ್ನ ಮೈದುನನ ಮಗನಿಂದ ಅರ್ಧ ಕಲಿತೆ. ಅವನು ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದಾನೆ.

ಈ ದೀಪದ ಹಿಂದೆ ಎರಡು ತರದ ವ್ಯವಸ್ಥೆ ಇದೆ. ನನ್ನ ಕಾರಿನಲ್ಲಿರುವುದು ಅಗ್ಗದ್ದು. ಟೈರಿನೊಳಗೆ ಏನೂ ಇಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ನೋಡಿಕೊಳ್ಳುವ ಎಬಿಎಸ್‌ಗಾಗಿ ಪ್ರತಿ ಗಾಲಿಯ ಹತ್ತಿರ ಒಂದು ಸೆನ್ಸರ್ ಹೇಗೂ ಇರುತ್ತದೆ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಎಬಿಎಸ್ ಕಡ್ಡಾಯ. ಆ ಸೆನ್ಸರ್ ಗಾಲಿ ಎಷ್ಟು ಜೋರು ತಿರುಗುತ್ತದೆ ಎಂದು ಎಣಿಸುತ್ತದೆ. ಹವಾ ಇಳಿದ ಗಾಲಿ ಕೂದಲೆಳೆಯಷ್ಟು ಕುಳ್ಳಗಾಗುತ್ತದೆ. ಕುಳ್ಳಗಿನ ಗಾಲಿ ಅಷ್ಟೇ ದಾರಿಗೆ ಜಾಸ್ತಿ ಸುತ್ತು ಹಾಕಬೇಕು. ದೊಡ್ಡವರ ಕೈ ಹಿಡಿದ ಮಗು ಓಡು ಹೆಜ್ಜೆ ಹಾಕುತ್ತದಲ್ಲ, ಹಾಗೆ. ಒಂದು ಗಾಲಿ ಉಳಿದ ಮೂರಕ್ಕಿಂತ ಜೋರಾಗಿ ತಿರುಗಿದರೆ ಕಾರಿಗೆ ಅನುಮಾನ ಬಂದು ದೀಪ ಹಚ್ಚುತ್ತದೆ. ಒತ್ತಡ ಎಷ್ಟಿದೆ ಎಂದು ಅದಕ್ಕೆ ಗೊತ್ತೇ ಇಲ್ಲ. ಮೊದಲಿದ್ದ ಹಾಗೆ ಇಲ್ಲ ಎಂದಷ್ಟೇ ಗೊತ್ತು.

"ಮೊದಲು" ಯಾವುದು ಎಂದು ಹೇಳಿಕೊಡುವುದೇ ಆ ಗುಂಡಿ. ನಾನು ದಿನಾ ಬಳಸುವ ಡಿಜಿಟಲ್ ತಕ್ಕಡಿಯಲ್ಲಿ ಟೇರ್ ಎಂಬ ಬಟನ್ ಇದೆ. ಖಾಲಿ ಬುಟ್ಟಿ ಇಟ್ಟು ಒತ್ತಿದರೆ ಬುಟ್ಟಿಯ ತೂಕ ಸೊನ್ನೆ ಎಂದುಕೊಳ್ಳುತ್ತದೆ. ಚಟ್ನಿ ತುಂಬಿದ ಬುಟ್ಟಿ ಇಟ್ಟು ಒತ್ತಿದರೂ ಸೊನ್ನೆಯೇ! ತಕ್ಕಡಿಯ ತಪ್ಪಲ್ಲ ಅದು. ಕಾರಿನ ಗುಂಡಿಯೂ ಅದೇ. ನಾಲ್ಕೂ ಟೈರಿಗೆ ಸರಿಯಾಗಿ 33 ಹಾಕಿಸಿ ಒತ್ತಿದರೆ "33 ಸರಿ" ಎಂದು ಕಲಿಯುತ್ತದೆ. ಹವಾ ಇಳಿದ ಟೈರ್ ಮೇಲೆ ಒತ್ತಿದರೆ "ಹವಾ ಇಳಿದದ್ದೇ ಸರಿ" ಎಂದು ಕಲಿಯುತ್ತದೆ. ನಾನೂ ಗ್ಯಾರೇಜಿನ ಹುಡುಗನೂ ಸೇರಿ ಆ ಕಾರಿಗೆ ಸುಳ್ಳು ಕಲಿಸಿದ್ದೆವು. ಕಲಿಸಿದ್ದನ್ನು ಅದು ನಿಯತ್ತಾಗಿ ನಂಬಿತ್ತು. 22ರ ಪಕ್ಕದಲ್ಲಿ 19 ಅದಕ್ಕೆ ದೊಡ್ಡ ವ್ಯತ್ಯಾಸವಾಗಿ ಕಾಣಲಿಲ್ಲ.

ಗುಂಡಿ ಒತ್ತಬಾರದು ಎಂದಲ್ಲ. ಒತ್ತಲೇಬೇಕಾದ ಹೊತ್ತು ಇದೆ. ಹವಾ ಸರಿಮಾಡಿದ ಮೇಲೆ, ಹೊಸ ಟೈರ್ ಹಾಕಿಸಿದ ಮೇಲೆ, ಹಿಂದಿನದು ಮುಂದೆ ಮುಂದಿನದು ಹಿಂದೆ ಬದಲಿಸಿದ ಮೇಲೆ. ಮೊದಲು ಹವಾ, ಆಮೇಲೆ ಗುಂಡಿ. ಒತ್ತಿದ ತಕ್ಷಣ ಕಲಿಯುವುದೂ ಇಲ್ಲ, ಸ್ವಲ್ಪ ಹೊತ್ತು ಓಡಿಸಬೇಕು. ಕೆಲವು ಕಾರಿನಲ್ಲಿ ಗುಂಡಿ ಇರುವುದಿಲ್ಲ, ಪರದೆಯೊಳಗಿನ ಮೆನುವಿನಲ್ಲಿ ಅಡಗಿರುತ್ತದೆ. ನಾಲ್ಕೂ ಟೈರ್ ಒಂದೇ ಸಮನೆ ಇಳಿಯುತ್ತಾ ಹೋದರೆ ಈ ತರದ ವ್ಯವಸ್ಥೆಗೆ ತಿಳಿಯುವುದು ಕಷ್ಟ, ಯಾಕೆಂದರೆ ಹೋಲಿಸಲು ಯಾರೂ ಇಲ್ಲ. ಸಂಸಾರದಲ್ಲೂ ಹೀಗೇ, ಇರಲಿ ಬಿಡಿ.

ಎರಡನೇ ತರದ್ದು ಮೈದುನನ ಕಾರಿನಲ್ಲಿದೆ. ಪ್ರತಿ ಗಾಲಿಯ ಒಳಗೆ, ವಾಲ್ವಿಗೆ ಅಂಟಿಕೊಂಡು ಕಡ್ಡಿಪೆಟ್ಟಿಗೆಗಿಂತ ಚಿಕ್ಕದೊಂದು ಸೆನ್ಸರ್. ಅದಕ್ಕೆ ತನ್ನದೇ ಬ್ಯಾಟರಿ. ಒತ್ತಡ ಅಳೆದು ರೇಡಿಯೋ ಮೂಲಕ ಕಾರಿಗೆ ಕಳಿಸುತ್ತದೆ. ಯಾವ ಗಾಲಿಯಲ್ಲಿ ಎಷ್ಟು ಎಂದು ಮುಂದೆ ಅಂಕಿಯೇ ಕಾಣುತ್ತದೆ. ಮೈದುನ ಒಂದು ದಿನ ಫೋನ್ ಮಾಡಿ "ವೈನಿ, ನನ್ನ ಗಾಡಿಯೊಳಗ 230 ಹವಾ ಐತಿ, ಏನು ಮಾಡ್ಲಿ" ಅಂದಿದ್ದ. ಯಾರೋ ಪರದೆಯನ್ನು ಕಿಲೊಪ್ಯಾಸ್ಕಲ್‌ಗೆ ಬದಲಿಸಿದ್ದರು. 33 ಪಿಎಸ್ಐ ಅಂದರೆ ಸುಮಾರು 228 ಕಿಲೊಪ್ಯಾಸ್ಕಲ್, ಅಥವಾ 2.3 ಬಾರ್. ಹವಾ ಅಷ್ಟೇ, ಅಳತೆ ಬೇರೆ.

ಅವನ ಗೋಳು ಬೇರೆ ತರದ್ದು. ಬಂಕಾಪುರದ ಹತ್ತಿರ ಪಂಕ್ಚರ್ ಆಯಿತು. ಪಂಕ್ಚರ್ ತಿದ್ದುವವರು ರೂಢಿಯಂತೆ ವಾಲ್ವಿನ ಹತ್ತಿರವೇ ಲಿವರ್ ಹಾಕಿ ಟೈರ್ ಎಬ್ಬಿಸಿದರು. ಒಳಗೆ ಸೆನ್ಸರ್ ಇದೆ ಎಂದು ಇವನು ಹೇಳಲಿಲ್ಲ, ಅವರಿಗೆ ಗೊತ್ತಿರಲಿಲ್ಲ. ಸೆನ್ಸರ್ ಲಟಕ್ ಅಂತು. ಅವತ್ತಿನಿಂದ ಗಾಡಿ ಶುರು ಮಾಡಿದಾಗಲೆಲ್ಲ ದೀಪ ಒಂದು ನಿಮಿಷದಷ್ಟು ಮಿಣಮಿಣ ಎಂದು, ಆಮೇಲೆ ನಿಂತು ಉರಿಯುತ್ತಿತ್ತು. ಇದರ ಅರ್ಥ ಬೇರೆ ಎಂದು ನನಗೆ ಗೊತ್ತಿರಲಿಲ್ಲ. ನೇರವಾಗಿ ಹತ್ತಿ ನಿಂತರೆ ಹವಾ ಕಮ್ಮಿ. ಮೊದಲು ಮಿಣುಕಿ ಆಮೇಲೆ ನಿಂತರೆ ವ್ಯವಸ್ಥೆಯೇ ಕೆಟ್ಟಿದೆ. ಸೆನ್ಸರ್ ಒಡೆದಿರಬಹುದು, ಅದರ ಬ್ಯಾಟರಿ ಮುಗಿದಿರಬಹುದು, ಅಥವಾ ಸೆನ್ಸರ್ ಇಲ್ಲದ ಸ್ಟೆಪ್ನಿ ಹಾಕಿ ಓಡಿಸುತ್ತಿರಬಹುದು. ಆ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಹೊಸದು ಹಾಕಬೇಕು, ಕಾರಿಗೆ ಅದರ ಗುರುತು ಕಲಿಸಬೇಕು. ಹಾಗಾಗಿ ಹಳೇ ಕಾರಿಗೆ ಹೊಸ ಟೈರ್ ಹಾಕಿಸುವವರು ಅದೇ ಹೊತ್ತಿಗೆ ಸೆನ್ಸರಿನ ವಯಸ್ಸೂ ಕೇಳುವುದು ಒಳ್ಳೆಯದು. ಟೈರ್ ಎರಡು ಸಲ ಬಿಚ್ಚಿದರೆ ಕೂಲಿ ಎರಡು ಸಲ. ವಾಲ್ವಿನ ರಬ್ಬರ್ ಸೀಲು, ಒಳಗಿನ ಪಿನ್ನು ಹೊಸದು ಹಾಕಿಸಿ. ಲೋಹದ ವಾಲ್ವಿದ್ದರೆ ಸಾದಾ ಹಿತ್ತಾಳೆ ಪಿನ್ನು ಹಾಕಬಾರದು, ನಿಕಲ್ ಲೇಪದ್ದೇ ಬೇಕು. ಇಲ್ಲದಿದ್ದರೆ ಕಿಲುಬು ಹಿಡಿದು ಪಿನ್ನು ಅಲ್ಲೇ ಕಚ್ಚಿಕೊಳ್ಳುತ್ತದೆ. ಪಂಕ್ಚರ್ ಆಗದಿರಲಿ ಎಂದು ಟೈರಿನೊಳಗೆ ಸುರಿಯುವ ದ್ರವ ಇದೆಯಲ್ಲ, ಅದರಲ್ಲಿ ಕೆಲವು ಸೆನ್ಸರಿನ ಸಣ್ಣ ತೂತನ್ನು ಮುಚ್ಚಿಬಿಡುತ್ತವೆ. ಸುರಿಸುವ ಮುಂಚೆ ಕೇಳಿ.

ಪಂಕ್ಚರ್ ಅಂಗಡಿಯವರನ್ನು ಬೈಯಲು ನಾನು ಬರೆಯುತ್ತಿಲ್ಲ. ನನ್ನ ಜೀವ ಉಳಿಸಿದ್ದು ಅಂಥವರೇ. "ಅಣ್ಣಾ, ಒಳಗ ಸೆನ್ಸರ್ ಐತಿ, ವಾಲ್ವ್ ಬಿಟ್ಟು ಆಚೆ ಕಡೆಯಿಂದ ಎಬ್ಬಿಸ್ರಿ" ಎಂದು ಹೇಳುವುದು ಗಾಡಿಯವರ ಕೆಲಸ.

ಇನ್ನೊಂದು ಮಾತು ನನಗೆ ತಡವಾಗಿ ಹೊಳೆದದ್ದು. ದೀಪ ಹತ್ತುವ ಹೊತ್ತಿಗೇ ತಡವಾಗಿರುತ್ತದೆ. 2000ನೇ ಇಸವಿಯ ಹೊತ್ತಿಗೆ ಅಮೆರಿಕದಲ್ಲಿ ಟೈರ್ ಕಿತ್ತು ಬಂದು ಗಾಡಿಗಳು ಪಲ್ಟಿಯಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ಅಲ್ಲಿ ಇದಕ್ಕೆ ಕಾನೂನು ಬಂತು. 2007ರ ಸೆಪ್ಟೆಂಬರ್‌ನಿಂದ ಅಲ್ಲಿನ ಎಲ್ಲ ಹೊಸ ಕಾರಿಗೂ ಈ ದೀಪ ಕಡ್ಡಾಯ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ. ಅಮೆರಿಕದ ನಿಯಮದಲ್ಲಿ ಹವಾ 25 ಶೇಕಡಾ ಇಳಿದಾಗ ದೀಪ ಹತ್ತಬೇಕು, ಯುರೋಪಿನಲ್ಲಿ 20. ಲೆಕ್ಕ ಹಾಕಿ. 33 ಇರಬೇಕಾದಲ್ಲಿ 25 ಅಥವಾ 26ಕ್ಕೆ ಬಂದಾಗ ದೀಪ. 28 ಇದ್ದರೆ ದೀಪವೇ ಇಲ್ಲ! ಆದರೆ 28ರಲ್ಲಿ ಡಿಕ್ಕಿ ತುಂಬಿಕೊಂಡು ಏಪ್ರಿಲ್ ಬಿಸಿಲಲ್ಲಿ ಗದಗಕ್ಕೆ ಹೋಗುವುದು ಜಾಣತನ ಅಲ್ಲ. ಹವಾ ಕಮ್ಮಿಯಾದ ಟೈರಿನ ಪಕ್ಕೆಯನ್ನು ರಸ್ತೆ ಸುತ್ತು ಸುತ್ತಿಗೂ ನಾದುತ್ತದೆ, ನಾವು ಜೋಳದ ಹಿಟ್ಟು ನಾದಿದ ಹಾಗೆ. ನಾದಿದಷ್ಟೂ ರಬ್ಬರು ಒಳಗಿಂದ ಬಿಸಿ. ಮೇಲಿನಿಂದ ಬಿಸಿಲು, ಭಾರ, ವೇಗ. ಕೊನೆಗೆ ಪಕ್ಕೆ ಬಿಟ್ಟುಕೊಡುತ್ತದೆ. "ಬಿಸಿಲಿಗೆ ಹವಾ ಹಿಗ್ಗಿ ಟೈರ್ ಸಿಡೀತದ, ಅದಕ್ಕ ಬ್ಯಾಸಿಗ್ಯಾಗ ಕಮ್ಮಿ ಹಾಕ್ಸು" ಎಂದು ನನಗೆ ಎಷ್ಟು ಜನ ಹೇಳಿದ್ದಾರೋ. ಅದು ಉಲ್ಟಾ ಮಾತು. ಕಮ್ಮಿ ಹಾಕಿಸಿದರೇ ಬಿಸಿ ಜಾಸ್ತಿ.

ಬಿಸಿಲಿಗೆ ಒತ್ತಡ ಏರುವುದು ನಿಜ, ಹತ್ತು ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್ಐ. ಹಾಗಾಗಿಯೇ ಮೈದುನನಂಥ ಕಾರಿನಲ್ಲಿ ಡಿಸೆಂಬರ್‌ನಲ್ಲಿ ಧಾರವಾಡದ ಥಂಡಿಗೆ ಬೆಳಿಗ್ಗೆ ಹತ್ತಿದ ದೀಪ ಹನ್ನೊಂದು ಗಂಟೆಗೆ ತಾನೇ ಆರುತ್ತದೆ. ಸೆನ್ಸರ್ ಹುಚ್ಚಲ್ಲ. ಟೈರ್ ಗಡಿಯಲ್ಲಿ ನಿಂತಿದೆ, ಹವಾ ಹಾಕಿಸಿ ಎಂದು ಹೇಳುತ್ತಿದೆ. ಅಳೆಯುವುದು ಯಾವಾಗಲೂ ತಣ್ಣಗಿನ ಟೈರಿನಲ್ಲಿ. ಗಾಡಿ ಮೂರು ಗಂಟೆ ನಿಂತಿರಬೇಕು. ಬೆಳಿಗ್ಗೆ ಅಂಗಳ ಗುಡಿಸುವ ಹೊತ್ತೇ ಒಳ್ಳೆಯದು. ಓಡಿಸಿ ಬಂದ ಬಿಸಿ ಟೈರಿನಲ್ಲಿ 36 ಕಂಡಿತು ಎಂದು ಹವಾ ಬಿಡಬೇಡಿ.

ಎಷ್ಟು ಹಾಕಿಸಬೇಕು ಎಂಬುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿದೆ. ಕೆಲವು ಕಾರಿನಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ. ನನ್ನದರಲ್ಲಿ ಮೂರು ಜನರಿಗೆ ನಾಲ್ಕೂ 33, ಪೂರ್ತಿ ಭಾರ ಇದ್ದರೆ ಹಿಂದಿನ ಎರಡಕ್ಕೆ 36. ಎರಡು ವರ್ಷ ಆ ಬಾಗಿಲು ತೆಗೆದು ಹಾಕಿದ್ದೇನೆ, ಚೀಟಿ ಓದಿರಲಿಲ್ಲ. ಟೈರಿನ ಮೈಮೇಲೆ 44 ಅಥವಾ 51 ಎಂದು ಬರೆದದ್ದನ್ನು ನೋಡಿ ಅಷ್ಟು ತುಂಬಿಸುವವರೂ ಇದ್ದಾರೆ. ಅದು ಟೈರ್ ತಡೆಯುವ ಗರಿಷ್ಠ, ನಿಮ್ಮ ಕಾರಿಗೆ ಬೇಕಾದದ್ದಲ್ಲ.

ನೈಟ್ರೋಜನ್ ಬಗ್ಗೆ ಕೇಳುವವರಿಗೆ: ಸಾದಾ ಗಾಳಿಯಲ್ಲೇ 78 ಶೇಕಡಾ ಅದೇ ಇದೆ. ದುಡ್ಡು ಉಳಿಸಿ ಒಂದು ಗೇಜು ತಗೊಳ್ಳಿ.

ಈಗ ನನ್ನ ದೂರು. ಪೆಟ್ರೋಲ್ ಬಂಕಿನಲ್ಲಿ ಹವಾ ಪುಕ್ಕಟೆ ಕೊಡಬೇಕು, ಅದು ನಿಯಮ. ನಾನು ಹೋಗುವ ದಾರಿಯಲ್ಲಿ ಎಂಟು ಬಂಕು ಇವೆ. ಒಂದರಲ್ಲಿ "ಮಷಿನ್ ಕೆಟ್ಟೈತ್ರಿ", ಕಳೆದ ದೀಪಾವಳಿಯಿಂದ. ಒಂದರಲ್ಲಿ "ಹುಡುಗ ಊಟಕ್ಕ ಹೋಗ್ಯಾನ". ಒಂದರಲ್ಲಿ ಪೈಪಿನ ಬಾಯಿ ಸೋರಿ ತುಂಬಿಸಿದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ. ಇನ್ನೊಂದರಲ್ಲಿ ಚೆಂದದ ಡಿಜಿಟಲ್ ಮಷಿನ್, 33 ಎಂದು ಒತ್ತಿ ಟಣ್ ಅನ್ನಿಸಿಕೊಂಡು ಹೊರಬಂದೆ. ನನ್ನ ಗೇಜಿನಲ್ಲಿ ನೋಡಿದರೆ 29. ನನ್ನ ಗೇಜೇ ತಪ್ಪೇನೋ ಎಂದು ಗದಗಿನ ಆ ಹಿರಿಯರ ಗೇಜಿನ ಜೊತೆ ಹೋಲಿಸಿ ನೋಡಿದೆ. ಎರಡೂ ಒಂದೇ ಅಂಕಿ ತೋರಿಸಿದವು. ಬಂಕಿನವರಿಗೆ ಹೇಳಿದರೆ "ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ" ಅಂದರು. ಯಾರು ಮಾಡುತ್ತಾರೆ? ಅಳೆದು ನೋಡಿದವರು ಯಾರು? ತಪ್ಪು 33 ತುಂಬಿಸಿಕೊಂಡು ಹೋಗಿ, ನಂಬಿಕೆಯಿಂದ ಗುಂಡಿ ಒತ್ತಿದರೆ ಕಾರು 29 ಸರಿ ಎಂದು ಕಲಿಯುತ್ತದೆ. ಅದಕ್ಕೇ ಇದು ಬಂಕಿನ ಸಣ್ಣ ಸೋಮಾರಿತನ ಅಲ್ಲ ಎನ್ನುವುದು ನಾನು.

ಶೋರೂಮಿನವರಿಗೂ ಒಂದು ಮಾತು. ಮೈದುನ ಹೊಸ ಕಾರು ತಂದ ದಿನ ಹಾರ ಹಾಕಿದರು, ಕೇಕ್ ಕೊಯ್ಸಿದರು, ಫೋಟೊ ತೆಗೆದರು. ಸನ್‌ರೂಫ್ ತೆಗೆಯುವುದನ್ನು ಹತ್ತು ನಿಮಿಷ ತೋರಿಸಿದರು. ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ ಎಂಬುದು ಅವನಿಗೆ ತಿಳಿದದ್ದು ಬಂಕಾಪುರದ ರಸ್ತೆಯಲ್ಲಿ! 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಂತೆ, ಟ್ಯೂಬ್‌ಲೆಸ್ ಟೈರ್, ಪಂಕ್ಚರ್ ರಿಪೇರಿ ಕಿಟ್ ಮತ್ತು ಈ ಒತ್ತಡದ ದೀಪ ಇದ್ದರೆ ಸಣ್ಣ ಗಾಡಿಗಳಿಗೆ ಸ್ಟೆಪ್ನಿ ಕೊಡದಿದ್ದರೂ ನಡೆಯುತ್ತದೆ. ಅಂದರೆ ಸ್ಟೆಪ್ನಿಯ ಜಾಗಕ್ಕೆ ಬಂದು ಕೂತದ್ದು ಈ ದೀಪ. ಅದೇನು ಹೇಳುತ್ತದೆ ಎಂದು ಗಿರಾಕಿಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಟ್ಟರೆ ಏನು ಹೋಗುತ್ತದೆ? ಮುನ್ನೂರು ಪುಟ ಬೇಡ. ಕಡಾಯಿ ಚಿತ್ರ, ನಿಂತರೆ ಏನು, ಮಿಣುಕಿದರೆ ಏನು, ಗುಂಡಿ ಯಾವಾಗ. ನಾನೇ ಬರೆದುಕೊಡುತ್ತೇನೆ ಬೇಕಾದರೆ.

ಗಬ್ಬೂರಿನ ಹತ್ತಿರ ಲಾರಿ ಡ್ರೈವರ್‌ಗಳು ರಾಡಿನಿಂದ ಟೈರ್ ಬಡಿದು ಸದ್ದು ಕೇಳುವುದನ್ನು ನೀವು ನೋಡಿರಬಹುದು. ಗಡಿಗೆ ಬಡಿದು ಕೊಳ್ಳುವವರ ಕಿವಿ ಅದು. ಕಾರಿನ ರೇಡಿಯಲ್ ಟೈರಿಗೆ ಆ ಉಪಾಯ ನಡೆಯುವುದಿಲ್ಲ, ಅದು ಸರಿ ಇದ್ದಾಗಲೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಕಾಣುತ್ತದೆ. ಕಣ್ಣಿಗೂ ತಿಳಿಯುವುದಿಲ್ಲ, ಕಾಲಿನಿಂದ ಒದ್ದರೂ ತಿಳಿಯುವುದಿಲ್ಲ. ತಿಂಗಳಿಗೆ ಒಂದೆರಡು ಪಿಎಸ್ಐ ಪಂಕ್ಚರ್ ಇಲ್ಲದೆಯೇ ಇಳಿಯುತ್ತದೆ. ನಾನೀಗ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಗಾಡಿ ತೊಳೆದು ಪೂಜೆ ಮಾಡುವ ಮೊದಲು ನಾಲ್ಕೂ ಟೈರಿಗೆ ಗೇಜು ಹಚ್ಚುತ್ತೇನೆ. ಲಿಂಬೆಹಣ್ಣು ಹೇಗೂ ಟೈರಿನ ಕೆಳಗೇ ಇಡಬೇಕು, ಬಗ್ಗಿದ ಸೊಂಟ ಒಂದೇ ಸಲ ಬಗ್ಗಲಿ.

ಆ ಡಿಜಿಟಲ್ ಮಷಿನ್ ಇರುವ ಬಂಕಿನ ಹೆಸರು ಬರೆಯುವುದಿಲ್ಲ. ಅವರು ಈ ಪತ್ರಿಕೆ ತರಿಸುತ್ತಾರೆ, ಕೌಂಟರಿನ ಮೇಲೆ ನೋಡಿದ್ದೇನೆ. ಮುಂದಿನ ಮಂಗಳವಾರ ಮತ್ತೆ ಬರುತ್ತೇನೆ. 33 ಒತ್ತಿದಾಗ ನನ್ನ ಗೇಜಿನಲ್ಲೂ 33 ಬಂದರೆ, ಅವತ್ತು ಅಲ್ಲಿನ ಹುಡುಗರಿಗೆಲ್ಲ ರೊಟ್ಟಿ, ಚಟ್ನಿ ನನ್ನ ಕಡೆಯಿಂದ.

ಇಂತಿ,
ರೊಟ್ಟಿ ಮಾಡುವ ಒಬ್ಬ ಓದುಗಳು
ಹಳೇ ಹುಬ್ಬಳ್ಳಿ